ಓನರ್ ಇಲ್ಲದ ವಠಾರ: ಸೋಶಿಯಲ್ ಮೀಡಿಯಾದ ಇನ್ನೊಂದು ಇತಿಹಾಸ, ಹತ್ತು ಕ್ಯಾಪ್ಶನ್‌ಗಳಲ್ಲಿ

ಭಾಗ 1/10: ಮೊದಲು ಒಂದು ತಪ್ಪೊಪ್ಪಿಗೆ

ಫಸ್ಟ್ ಪಿಯುನಲ್ಲಿ ಇದ್ದಾಗ ನಾವು ಐದು ಜನ ಸೇರಿ ಒಂದು ಗ್ರೂಪ್ ಶುರು ಮಾಡಿದ್ವಿ. ನೋಟ್ಸ್ ಹಂಚಿಕೊಳ್ಳೋಕೆ, ಲ್ಯಾಬ್ ರೆಕಾರ್ಡ್ ಫೋಟೊ ಹಾಕೋಕೆ, ಅಷ್ಟೇ. ಮೊದಲ ತಿಂಗಳು ನಲವತ್ತು ಜನ ಇದ್ರು. ಎಲ್ಲರಿಗೂ ಎಲ್ಲರ ಹೆಸರು ಗೊತ್ತಿತ್ತು. ಆಮೇಲೆ ಲಿಂಕ್ ಪಕ್ಕದ ಸೆಕ್ಷನ್ನಿಗೆ ಹೋಯ್ತು, ಅಲ್ಲಿಂದ ಬೇರೆ ಕಾಲೇಜಿಗೆ ಹೋಯ್ತು. ನಾನೂರು ದಾಟಿದ ದಿನ ನಾವು ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕಿದ್ವಿ. ಅಷ್ಟು ಹೆಮ್ಮೆ!

ಒಂದು ರಾತ್ರಿ ಯಾರೋ ಒಬ್ಬ ನಮ್ಮದೇ ಕ್ಲಾಸಿನ ಹುಡುಗಿಯ ಫೋಟೊ ಹಾಕಿ ಕೆಟ್ಟದಾಗಿ ಬರೆದ. ಅಡ್ಮಿನ್ ನಾನೇ. ನೋಡಿದೆ. ಡಿಲೀಟ್ ಮಾಡೋಕೆ ಎರಡು ಸೆಕೆಂಡ್ ಸಾಕಿತ್ತು. ‘ಬೆಳಿಗ್ಗೆ ನೋಡೋಣ, ಸುಮ್ನೆ ಯಾಕೆ ಜಗಳ’ ಅಂತ ಮಲಗಿಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದ್ರೆ ಅದರ ಕೆಳಗೆ ಸಾಲು ಸಾಲು ನಗುವ ಎಮೋಜಿ. ಅವಳು ಗ್ರೂಪ್ ಬಿಟ್ಟು ಹೋಗಿದ್ದಳು. ಎರಡು ವಾರ ಕಾಲೇಜಿಗೂ ಬರಲಿಲ್ಲ.

ಇದು ಆಗಿ ಒಂದೂವರೆ ವರ್ಷ ಆಯ್ತು. ಆಮೇಲೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಉಳಿದುಕೊಂಡಿತು: ಜನ ಹೆಚ್ಚಾದಾಗ ಒಂದು ಜಾಗ ಯಾಕೆ ಕೆಡುತ್ತೆ? ಅದನ್ನು ನೋಡಿಕೊಳ್ಳಬೇಕಾದವರು ಯಾರು? ಇದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ದೊಡ್ಡ ಇತಿಹಾಸ. ಕಂಪನಿ ಇಲ್ಲದೆ, ಒಬ್ಬ ಓನರ್ ಇಲ್ಲದೆ ನಡೆಯುವ ಸೋಶಿಯಲ್ ನೆಟ್‌ವರ್ಕ್‌ಗಳ ಇತಿಹಾಸ. ನಾವು ಹುಟ್ಟೋ ಮೊದಲೇ, ನಮ್ಮಪ್ಪ ಅಮ್ಮ ಸ್ಕೂಲಿಗೆ ಹೋಗ್ತಿದ್ದ ಕಾಲದಲ್ಲೇ ಶುರುವಾದ ಕಥೆ. ಓದಿ. ಉದ್ದ ಇದೆ, ಆದ್ರೆ ನಿಮಗೆ ಬೇಕಾಗುತ್ತೆ.

ಭಾಗ 2/10: ವಠಾರ ಅಂದ್ರೆ ಏನು?

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ನೀವು ಈಗ ಇದನ್ನು ಓದ್ತಿರೋ ಆ್ಯಪ್ ಒಂದು ಕಂಪನಿಯದ್ದು. ಅದನ್ನು ದೊಡ್ಡ ಮಾಲ್ ಅಂದುಕೊಳ್ಳಿ. ಒಳಗೆ ಎಷ್ಟೇ ಅಂಗಡಿ ಇರಲಿ, ಗೇಟು ಒಂದೇ, ಸೆಕ್ಯೂರಿಟಿ ಒಂದೇ, ರೂಲ್ಸ್ ಬರೆಯೋರು ಒಬ್ಬರೇ. ಅವರು ‘ಹೊರಗೆ ನಡಿ’ ಅಂದ್ರೆ ನೀವು ಹೊರಗೆ.

ವಿಕೇಂದ್ರೀಕೃತ ನೆಟ್‌ವರ್ಕ್ ಅಂದ್ರೆ ಹಳೇ ಬೆಂಗಳೂರಿನ, ಮೈಸೂರಿನ ವಠಾರಗಳ ಬೀದಿ ಇದ್ದ ಹಾಗೆ. ಒಂದೊಂದು ವಠಾರಕ್ಕೂ ತನ್ನದೇ ಬಾಗಿಲು, ತನ್ನದೇ ನಲ್ಲಿ, ತನ್ನದೇ ಕಟ್ಟುಪಾಡು. ಒಂದು ವಠಾರದಲ್ಲಿ ರಾತ್ರಿ ಹತ್ತಕ್ಕೆ ಬಾಗಿಲು ಹಾಕ್ತಾರೆ, ಇನ್ನೊಂದರಲ್ಲಿ ಹಾಕಲ್ಲ. ಆದ್ರೆ ಈ ವಠಾರದವರು ಆ ವಠಾರದವರ ಜೊತೆ ಮಾತಾಡಬಹುದು, ಓಡಾಡಬಹುದು. ಇಡೀ ಬೀದಿಗೆ ಓನರ್ ಅಂತ ಯಾರೂ ಇಲ್ಲ.

ಇದು ಹೊಸದೇನಲ್ಲ. ಇಮೇಲ್ ಹೀಗೇ ನಡೆಯೋದು. ನಿಮ್ಮದು ಒಂದು ಕಂಪನಿಯ ಇಮೇಲ್, ನಿಮ್ಮ ಲೆಕ್ಚರರ್‌ದು ಇನ್ನೊಂದರದ್ದು. ಆದ್ರೂ ಪತ್ರ ತಲುಪುತ್ತೆ ಅಲ್ವಾ? ಅದೇ ತತ್ವದಲ್ಲಿ ಪೋಸ್ಟ್, ಲೈಕ್, ಫಾಲೋ ಎಲ್ಲ ನಡೆದ್ರೆ ಅದಕ್ಕೆ ‘ಫೆಡಿವರ್ಸ್’ ಅಂತಾರೆ. ಇಲ್ಲಿ ಒಂದೊಂದು ವಠಾರಕ್ಕೆ ‘ಸರ್ವರ್’ ಅಂತ ಹೆಸರು. ನಡೆಸುವವರು ಅಡ್ಮಿನ್. ದೂರು ಬಂದಾಗ ನೋಡುವವರು ಮಾಡರೇಟರ್.

ಓನರ್ ಇಲ್ಲ ಅಂದ ತಕ್ಷಣ ‘ಅಬ್ಬಾ, ಸ್ವಾತಂತ್ರ್ಯ!’ ಅನ್ನಿಸುತ್ತೆ. ಆದ್ರೆ ಮನೆಯಲ್ಲಿ ಅಜ್ಜಿ ಇದ್ರೆ ಕೇಳಿ ನೋಡಿ. ವಠಾರದಲ್ಲಿ ದಿನಾ ಜಗಳ ಆಗ್ತಿದ್ದಿದ್ದು ಯಾವುದಕ್ಕೆ? ನೀರು ಯಾರು ಹಿಡೀಬೇಕು, ಅಂಗಳ ಯಾರು ಗುಡಿಸಬೇಕು ಅನ್ನೋದಕ್ಕೆ. ಈ ಇತಿಹಾಸ ಪೂರ್ತಿ ಆ ಜಗಳದ್ದೇ.

ಭಾಗ 3/10: 1979, ರಾತ್ರಿ ಹೊತ್ತು ಫೋನ್ ಮಾಡ್ತಿದ್ದ ಕಂಪ್ಯೂಟರ್‌ಗಳು

ಅಮೆರಿಕದ ನಾರ್ತ್ ಕ್ಯಾರೊಲಿನಾ. ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್, 1979ರಲ್ಲಿ ಒಂದು ಯೋಚನೆ ಮಾಡಿದ್ರು: ಒಂದು ಕಾಲೇಜಿನ ಕಂಪ್ಯೂಟರ್ ಇನ್ನೊಂದು ಕಾಲೇಜಿನದಕ್ಕೆ ಫೋನ್ ಮಾಡಿ ಸುದ್ದಿ, ಚರ್ಚೆ ಎಲ್ಲ ಕಾಪಿ ಮಾಡಿಕೊಂಡ್ರೆ ಹೇಗೆ? ಪಕ್ಕದ ಚಾಪೆಲ್ ಹಿಲ್‌ನ ಸ್ಟೀವ್ ಬೆಲೊವಿನ್ ಇದರ ಮೊದಲ ಪ್ರೋಗ್ರಾಂ ಬರೆದ್ರು. 1980ರಲ್ಲಿ ‘ಯೂಸ್‌ನೆಟ್’ ಜಗತ್ತಿಗೆ ಪರಿಚಯ ಆಯ್ತು. ರಾತ್ರಿ ಫೋನ್ ದರ ಕಡಿಮೆ. ಹಾಗಾಗಿ ಕಂಪ್ಯೂಟರ್‌ಗಳು ಹೆಚ್ಚಾಗಿ ರಾತ್ರಿ ಮಾತಾಡಿಕೊಳ್ತಿದ್ವು!

ಗಮನಿಸಿ: ಇದನ್ನು ಶುರು ಮಾಡಿದವರು ಸ್ಟೂಡೆಂಟ್‌ಗಳು. ಮಧ್ಯದಲ್ಲಿ ಒಂದು ಹೆಡ್ ಆಫೀಸ್ ಇರಲಿಲ್ಲ. ಆದ್ರೂ ಅಧಿಕಾರ ಇತ್ತು. ಫೋನ್ ಬಿಲ್ ಕಟ್ಟಿ ಹೆಚ್ಚು ಸುದ್ದಿ ಸಾಗಿಸ್ತಿದ್ದ ದೊಡ್ಡ ಕಂಪ್ಯೂಟರ್‌ಗಳ ಅಡ್ಮಿನ್‌ಗಳ ಒಂದು ಸಣ್ಣ ಗುಂಪು ‘ಯಾವ ವಿಷಯಕ್ಕೆ ಗ್ರೂಪ್ ಇರಬೇಕು, ಯಾವುದಕ್ಕೆ ಬೇಡ’ ಅಂತ ತೀರ್ಮಾನ ಮಾಡ್ತಿತ್ತು. ಜನ ಅವರನ್ನು ‘ಬ್ಯಾಕ್‌ಬೋನ್ ಕಬಾಲ್’ ಅಂತ ಕರೀತಿದ್ರು. ಕಬಾಲ್ ಅಂದ್ರೆ ಒಳಗೊಳಗೇ ಮಾತಾಡಿಕೊಳ್ಳೋ ಕೂಟ. 1987ರ ಆಸುಪಾಸಿನಲ್ಲಿ ಅವರು ಎಲ್ಲ ಗ್ರೂಪ್‌ಗಳ ಹೆಸರನ್ನೂ ಬದಲಾಯಿಸಿ ಹೊಸದಾಗಿ ಜೋಡಿಸಿದ್ರು.

ಕೆಲವರಿಗೆ ಕೋಪ ಬಂತು. ಬ್ರಯಾನ್ ರೀಡ್ ಅನ್ನೋರು ಅಡುಗೆ ರೆಸಿಪಿ ಗ್ರೂಪ್ ನಡೆಸ್ತಿದ್ರು. ಅದಕ್ಕೆ ಕೊಟ್ಟ ಹೊಸ ಹೆಸರು ಅವರಿಗೆ ಹಿಡಿಸಲಿಲ್ಲ. ಜಾನ್ ಗಿಲ್ಮೋರ್‌ಗೆ ಬೇಕಾಗಿದ್ದ ಗ್ರೂಪ್ ಸಿಕ್ಕಿರಲಿಲ್ಲ. ಅವರೆಲ್ಲ 1987ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಒಂದು ಹೋಟೆಲ್ಲಿನಲ್ಲಿ ಊಟಕ್ಕೆ ಕೂತು, ‘ನಾವೇ ಬೇರೆ ದಾರಿ ಮಾಡಿಕೊಳ್ಳೋಣ’ ಅಂತ ‘ಆಲ್ಟ್’ ಅನ್ನೋ ಹೊಸ ಸಾಲು ಶುರು ಮಾಡಿದ್ರು. ಯಾರನ್ನೂ ಕೇಳಬೇಕಾಗಿರಲಿಲ್ಲ. ವಿಕೇಂದ್ರೀಕರಣದ ನಿಜವಾದ ಶಕ್ತಿ ಇದು: ಒಪ್ಪಿಗೆ ಇಲ್ಲದಿದ್ರೆ ಎದ್ದು ಹೋಗಿ ಪಕ್ಕದಲ್ಲೇ ಮನೆ ಕಟ್ಟಬಹುದು.

ಭಾಗ 4/10: ಮುಗಿಯದ ಸೆಪ್ಟೆಂಬರ್

ನಮ್ಮಲ್ಲಿ ಜೂನ್ ಹೇಗೋ ಅಮೆರಿಕದಲ್ಲಿ ಸೆಪ್ಟೆಂಬರ್ ಹಾಗೆ. ಕಾಲೇಜು ಶುರುವಾಗೋ ಹೊತ್ತು. ಪ್ರತಿ ಸೆಪ್ಟೆಂಬರ್‌ನಲ್ಲೂ ಹೊಸ ಸ್ಟೂಡೆಂಟ್‌ಗಳು ಯೂಸ್‌ನೆಟ್‌ಗೆ ಬರ್ತಿದ್ರು. ರೀತಿ ನೀತಿ ಗೊತ್ತಿಲ್ಲ, ಎಲ್ಲೆಂದರಲ್ಲಿ ಬರೀತಿದ್ರು. ಹಳಬರು ಬೈದು, ಹೇಳಿ, ಕಲಿಸಿ ಒಂದೆರಡು ತಿಂಗಳಲ್ಲಿ ಸರಿ ಮಾಡ್ತಿದ್ರು. ಸೀನಿಯರ್‌ಗಳು ಜೂನಿಯರ್‌ಗಳಿಗೆ ಹೇಳಿಕೊಟ್ಟ ಹಾಗೆ.

1993-94ರಲ್ಲಿ ಎಓಎಲ್‌ನಂಥ ಇಂಟರ್ನೆಟ್ ಕಂಪನಿಗಳು ತಮ್ಮ ಗ್ರಾಹಕರಿಗೆಲ್ಲ ಯೂಸ್‌ನೆಟ್ ಬಾಗಿಲು ತೆರೆದ್ವು. ಈಗ ಹೊಸಬರು ಬರೋದಕ್ಕೆ ಸೀಸನ್ನೇ ಇಲ್ಲ. ದಿನಾ ಬರ್ತಿದ್ರು, ಕಲಿಸೋ ಹಳಬರಿಗಿಂತ ಹೆಚ್ಚು ಸಂಖ್ಯೆಯಲ್ಲಿ. ಬೇಸತ್ತ ಹಳಬರು ಇದಕ್ಕೆ ‘ಮುಗಿಯದ ಸೆಪ್ಟೆಂಬರ್’ ಅಂತ ಹೆಸರಿಟ್ರು. ಇವತ್ತಿಗೂ ಆ ಮಾತು ಬಳಕೆಯಲ್ಲಿದೆ.

ಇಲ್ಲಿ ಹೊಸಬರದ್ದೇ ತಪ್ಪು ಅಂತ ಹೇಳಿದ್ರೆ ಅನ್ಯಾಯ. ಅವರೂ ನಮ್ಮ ಹಾಗೇ, ಮಾತಾಡೋಕೆ ಬಂದವರು. ಕಲಿಸೋ ವೇಗಕ್ಕಿಂತ ಬೆಳೆಯೋ ವೇಗ ಹೆಚ್ಚಾಯ್ತು, ಅದು ಸಮಸ್ಯೆ. ನಮ್ಮ ಗ್ರೂಪ್ ನಲವತ್ತರಿಂದ ನಾನೂರಕ್ಕೆ ಹೋದಾಗ ಆಗಿದ್ದೂ ಇದೇ. ಮೊದಲ ನಲವತ್ತು ಜನಕ್ಕೆ ಒಂದು ಅಲಿಖಿತ ಮರ್ಯಾದೆ ಇತ್ತು. ಉಳಿದ ಮುನ್ನೂರ ಅರವತ್ತು ಜನಕ್ಕೆ ಅದನ್ನು ಯಾರೂ ಹೇಳಿರಲಿಲ್ಲ. ನಾವು ಬರೆದೂ ಇಟ್ಟಿರಲಿಲ್ಲ.

1994ರ ಏಪ್ರಿಲ್ 12. ಅರಿಜೋನಾದ ವಕೀಲ ದಂಪತಿ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗೆಲ್, ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು 5,500ಕ್ಕೂ ಹೆಚ್ಚು ಗ್ರೂಪ್‌ಗಳಿಗೆ ಒಂದೇ ಸಲ ಸುರಿದ್ರು. ಬೆಕ್ಕಿನ ಗ್ರೂಪ್, ಗಣಿತದ ಗ್ರೂಪ್ ಅನ್ನೋ ಭೇದ ಇಲ್ಲ, ಎಲ್ಲೆಡೆ ಅದೇ. ನಾವು ಇವತ್ತು ‘ಸ್ಪ್ಯಾಮ್’ ಅಂತ ಬೈಯೋದು ಯಾವುದನ್ನೋ ಅದರ ಮೊದಲ ದೊಡ್ಡ ಉದಾಹರಣೆಗಳಲ್ಲಿ ಇದೂ ಒಂದು. ಕ್ಷಮೆ ಕೇಳೋದಿರಲಿ, ‘ಹೀಗೆ ದುಡ್ಡು ಮಾಡೋದು ಹೇಗೆ’ ಅಂತ ಅವರು ಪುಸ್ತಕಾನೇ ಬರೆದ್ರು!

ಭಾಗ 5/10: ಬಹಿಷ್ಕಾರ

ಓನರ್ ಇಲ್ಲದ ಬೀದಿಯಲ್ಲಿ ಇಂಥವರನ್ನು ನಿಲ್ಲಿಸೋರು ಯಾರು? ಯೂಸ್‌ನೆಟ್‌ನವರು ಎರಡು ದಾರಿ ಕಂಡುಕೊಂಡ್ರು.

ಒಂದು, ‘ಕ್ಯಾನ್ಸಲ್’ ಸಂದೇಶ. ಬರೆದವರು ತಮ್ಮ ಪೋಸ್ಟ್ ಹಿಂತೆಗೆದುಕೊಳ್ಳಲಿ ಅಂತ ಇದ್ದ ಸೌಲಭ್ಯ ಅದು. ಆದ್ರೆ ಬರೆದವರ ಹೆಸರಿನಲ್ಲಿ ಬೇರೆಯವರೂ ಅದನ್ನು ಕಳಿಸಬಹುದಿತ್ತು. ನಾರ್ವೆಯ ಪ್ರೋಗ್ರಾಮರ್ ಆರ್ಂಟ್ ಗುಲ್‌ಬ್ರಾಂಡ್ಸೆನ್ ಆ ವಕೀಲರ ಪೋಸ್ಟ್‌ಗಳನ್ನು ತಾನಾಗೇ ಅಳಿಸೋ ಪ್ರೋಗ್ರಾಂ ಬರೆದ್ರು. ‘ಕ್ಯಾನ್ಸಲ್‌ಮೂಸ್’ ಅನ್ನೋ ಗುಪ್ತ ಹೆಸರಿನವರೊಬ್ಬರು ಸ್ಪ್ಯಾಮ್ ಅಳಿಸೋದನ್ನೇ ಕೆಲಸ ಮಾಡ್ಕೊಂಡ್ರು. ಜನ ಮೆಚ್ಚಿದ್ರು. ಆದ್ರೆ ಯೋಚಿಸಿ: ಸ್ಪ್ಯಾಮ್ ಅಳಿಸೋ ಕೈಯೇ ನಾಳೆ ಇಷ್ಟವಿಲ್ಲದ ಅಭಿಪ್ರಾಯವನ್ನೂ ಅಳಿಸಿದ್ರೆ? ಯಾರು ಕೇಳೋರು?

ಎರಡನೇದು ಇನ್ನೂ ಕಠಿಣ. ಅದರ ಹೆಸರೇ ‘ಯೂಸ್‌ನೆಟ್ ಮರಣದಂಡನೆ’. ಒಂದು ಸಂಸ್ಥೆ ತನ್ನ ಗ್ರಾಹಕರ ಸ್ಪ್ಯಾಮ್ ತಡೆಯದೇ ಇದ್ರೆ, ಉಳಿದ ಅಡ್ಮಿನ್‌ಗಳು ಸೇರಿ ಅಲ್ಲಿಂದ ಬರೋದನ್ನೆಲ್ಲ ತಿರಸ್ಕರಿಸೋದು. ಹಳ್ಳಿಗಳಲ್ಲಿ ಬಹಿಷ್ಕಾರ ಹಾಕೋದು ಅಂತ ಕೇಳಿದ್ದೀರಲ್ಲ, ಹಾಗೇ. 1997ರ ಆಗಸ್ಟ್‌ನಲ್ಲಿ ದೈತ್ಯ ಕಂಪನಿ ಯೂಯೂನೆಟ್ ಮೇಲೆ ಇದನ್ನು ಪ್ರಯೋಗಿಸಿದ್ರು. ಕೆಲವೇ ದಿನಗಳಲ್ಲಿ ಕಂಪನಿ ಬಗ್ಗಿತು.

ಬಹಿಷ್ಕಾರ ಅನ್ನೋ ಪದ ನಮ್ಮ ಸಮಾಜದಲ್ಲಿ ಎಷ್ಟು ನೋವಿನದು ಅಂತ ನಿಮಗೆ ಗೊತ್ತು. ನಮ್ಮ ಹಳ್ಳಿಗಳಲ್ಲಿ ಅದನ್ನು ಹೆಚ್ಚಾಗಿ ಬಲವಿಲ್ಲದವರ ಮೇಲೆ ಬಳಸಿದ್ದಾರೆ. ಇಲ್ಲಿ ಅದೇ ಆಯುಧ ದೊಡ್ಡ ಕಂಪನಿಯನ್ನು ಬಗ್ಗಿಸಿತು. ಆಯುಧ ಒಂದೇ, ಯಾರ ಕೈಯಲ್ಲಿದೆ, ಯಾರ ಮೇಲೆ ಬೀಳುತ್ತೆ ಅನ್ನೋದರ ಮೇಲೆ ನ್ಯಾಯ ಅನ್ಯಾಯ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಭಾಗಗಳಲ್ಲಿ ಬೇಕಾಗುತ್ತೆ.

ಯೂಸ್‌ನೆಟ್ ನಿಧಾನಕ್ಕೆ ಸೊರಗಿತು. ಅದು ಹುಟ್ಟಿದ ಡ್ಯೂಕ್ ವಿಶ್ವವಿದ್ಯಾಲಯವೇ 2010ರಲ್ಲಿ ತನ್ನ ಯೂಸ್‌ನೆಟ್ ಸರ್ವರ್ ನಿಲ್ಲಿಸಿತು. ಅಷ್ಟರಲ್ಲಿ ಜನ ಎಲ್ಲ ಮಾಲ್‌ಗಳ ಒಳಗೆ ಸೇರಿದ್ರು.

ಭಾಗ 6/10: ಜರ್ಮನಿಯ ಹುಡುಗ, ಮತ್ತೆ ವಠಾರ

2016ರ ಅಕ್ಟೋಬರ್. ಜರ್ಮನಿಯ ಯುವ ಪ್ರೋಗ್ರಾಮರ್ ಯೂಜೆನ್ ರೋಚ್ಕೊ ‘ಮ್ಯಾಸ್ಟೊಡಾನ್’ ಅನ್ನೋ ಸಾಫ್ಟ್‌ವೇರನ್ನು ಜನರ ಮುಂದಿಟ್ರು. ನೋಡೋಕೆ ಟ್ವಿಟರ್ ತರ. ಆದ್ರೆ ಯಾರು ಬೇಕಾದ್ರೂ ಇಳಿಸಿಕೊಂಡು ತಮ್ಮದೇ ಸರ್ವರ್ ನಡೆಸಬಹುದು, ಬೇರೆ ಸರ್ವರ್‌ಗಳ ಜೊತೆ ಮಾತಾಡಬಹುದು. 2018ರ ಜನವರಿಯಲ್ಲಿ ವೆಬ್‌ನ ಮಾನದಂಡ ರೂಪಿಸೋ ಡಬ್ಲ್ಯು3ಸಿ ಸಂಸ್ಥೆ ‘ಆಕ್ಟಿವಿಟಿಪಬ್’ ಅನ್ನೋ ಸಾಮಾನ್ಯ ಭಾಷೆಗೆ ಮುದ್ರೆ ಒತ್ತಿತು. ಸರ್ವರ್‌ಗಳು ಈಗ ಆ ಭಾಷೆಯಲ್ಲೇ ಮಾತಾಡೋದು.

ಮೊದಲು ಬಂದವರಲ್ಲಿ ಟ್ವಿಟರ್‌ನಲ್ಲಿ ಕಿರುಕುಳ ತಿಂದಿದ್ದ ಕ್ವಿಯರ್ ಸಮುದಾಯದವರು ಬಹಳ ಜನ. ಅವರ ಅನುಭವ ಆ ಜಾಗದ ವಿನ್ಯಾಸಕ್ಕೇ ಇಳಿಯಿತು. ಮನಸ್ಸಿಗೆ ಕಷ್ಟ ಆಗೋ ವಿಷಯವನ್ನು ಎಚ್ಚರಿಕೆಯ ಪರದೆ ಹಿಂದೆ ಇಡೋ ಸೌಲಭ್ಯ ಬಂತು. ಒಬ್ಬರ ಪೋಸ್ಟನ್ನು ಎತ್ತಿ, ಮೇಲೆ ವ್ಯಂಗ್ಯ ಬರೆದು ತನ್ನ ಫಾಲೋವರ್‌ಗಳನ್ನು ಛೂ ಬಿಡೋ ‘ಕೋಟ್’ ಸೌಲಭ್ಯವನ್ನು ರೋಚ್ಕೊ ವರ್ಷಗಟ್ಟಲೆ ಬೇಕಂತಲೇ ಕೊಡಲಿಲ್ಲ. 2025ರಲ್ಲಿ ಕೊಟ್ಟಾಗಲೂ, ‘ನನ್ನ ಪೋಸ್ಟನ್ನು ಯಾರು ಕೋಟ್ ಮಾಡಬಹುದು’ ಅಂತ ಬರೆದವರೇ ತೀರ್ಮಾನಿಸೋ ಹಾಗೆ ಕೊಟ್ರು. ಮಾಡರೇಶನ್ ಅಂದ್ರೆ ಡಿಲೀಟ್ ಬಟನ್ ಒಂದೇ ಅಲ್ಲ, ನೋಡಿ. ಬಾಗಿಲು ಎಲ್ಲಿಡಬೇಕು, ಕಿಟಕಿ ಎಲ್ಲಿಡಬೇಕು ಅನ್ನೋದೂ ಅದರಲ್ಲೇ ಬರುತ್ತೆ.

ಪರೀಕ್ಷೆ ಬಂದಿದ್ದು 2019ರ ಜುಲೈನಲ್ಲಿ. ‘ಗ್ಯಾಬ್’ ಅನ್ನೋ ಅಮೆರಿಕದ ಜಾಲತಾಣ ಬಲಪಂಥೀಯ ಉಗ್ರವಾದಿಗಳ ಅಡ್ಡೆ ಅಂತ ಹೆಸರಾಗಿತ್ತು. 2018ರಲ್ಲಿ ಪಿಟ್ಸ್‌ಬರ್ಗ್‌ನ ಯಹೂದಿ ಪ್ರಾರ್ಥನಾ ಮಂದಿರದಲ್ಲಿ 11 ಜನರನ್ನು ಕೊಂದವನು ಅಲ್ಲೇ ಬರೀತಿದ್ದ. ಆ ಗ್ಯಾಬ್ ಈಗ ಮ್ಯಾಸ್ಟೊಡಾನ್ ಸಾಫ್ಟ್‌ವೇರನ್ನೇ ಬಳಸಿ ಈ ಬೀದಿಗೆ ಬಂತು. ಸಾಫ್ಟ್‌ವೇರ್ ಮುಕ್ತ, ‘ನೀನು ಬಳಸಬೇಡ’ ಅನ್ನೋಕೆ ಆಗಲ್ಲ. ರೋಚ್ಕೊ ಕೈಯಲ್ಲಿ ಸ್ವಿಚ್ ಇರಲಿಲ್ಲ. ಆದ್ರೆ ಸರ್ವರ್‌ಗಳು ಒಂದೊಂದಾಗಿ ಬಾಗಿಲು ಹಾಕಿದ್ವು. ಕೆಲವು ಮೊಬೈಲ್ ಆ್ಯಪ್‌ಗಳೂ ಲಾಗಿನ್ ನಿಲ್ಲಿಸಿದ್ವು. 2020ರಲ್ಲಿ ಗ್ಯಾಬ್ ತಾನೇ ಸಂಪರ್ಕ ಕಿತ್ತುಕೊಂಡಿತು.

ಗ್ಯಾಬ್ ಸಾಯಲಿಲ್ಲ. ಈಗಲೂ ಇದೆ, ತನ್ನ ಪಾಡಿಗೆ. ಅದರ ಮಾತನ್ನು ಯಾರೂ ಅಳಿಸಲಿಲ್ಲ. ಕೇಳಿಸಿಕೊಳ್ಳೋದನ್ನು ಉಳಿದವರು ನಿಲ್ಲಿಸಿದ್ರು. ಮಾತಾಡೋ ಹಕ್ಕು ಬೇರೆ, ನನ್ನ ಮನೆ ಒಳಗೆ ಬಂದು ಮಾತಾಡೋ ಹಕ್ಕು ಬೇರೆ. ಈ ವ್ಯತ್ಯಾಸ ನನಗೆ ಅರ್ಥ ಆಗಿದ್ದು ಇಲ್ಲೇ.

ಭಾಗ 7/10: ನಮ್ಮ ದೇಶದವರು ಬಂದಾಗ

ಅದೇ 2019ರ ಅಕ್ಟೋಬರ್ ಕೊನೆ. ಸುಪ್ರೀಂ ಕೋರ್ಟ್‌ನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾಯ್ತು. ಕಾರಣ? ಅವರು ಹಾಕಿಕೊಂಡಿದ್ದ ಒಂದು ಹಳೇ ಫೋಟೊ. 1936ರಲ್ಲಿ ಹ್ಯಾಂಬರ್ಗ್‌ನ ಒಂದು ಗುಂಪಿನಲ್ಲಿ ಎಲ್ಲರೂ ನಾಜಿ ಸೆಲ್ಯೂಟ್ ಮಾಡ್ತಿರುವಾಗ ಒಬ್ಬನೇ ಒಬ್ಬ ಕೈಕಟ್ಟಿ ನಿಂತಿರೋ ಫೋಟೊ. ನಾಜಿಗಳನ್ನು ವಿರೋಧಿಸಿದವನ ಚಿತ್ರ ‘ದ್ವೇಷ’ ಅನ್ನೋ ಲೆಕ್ಕಕ್ಕೆ ಸೇರಿತ್ತು! ಖಾತೆ ವಾಪಸ್ ಬಂತು, ಆಮೇಲೆ ಹಿಂದಿ ಕವಿ ಗೋರಖ್ ಪಾಂಡೆಯವರ ಒಂದು ಕವಿತೆಯ ಹಳೇ ಹಂಚಿಕೆಯ ಕಾರಣಕ್ಕೆ ಮತ್ತೆ ಹೋಯ್ತು. ಅವರು ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿದ್ರು.

ಇದನ್ನು ನೋಡಿ ಸಿಟ್ಟಾದ ಸಾವಿರಾರು ಭಾರತೀಯರು ನವೆಂಬರ್‌ನಲ್ಲಿ ಮ್ಯಾಸ್ಟೊಡಾನ್‌ಗೆ ಬಂದ್ರು. ದೊಡ್ಡ ಮಾಲ್‌ನಲ್ಲಿ ಯಂತ್ರವೋ, ನಮ್ಮ ಭಾಷೆ ಗೊತ್ತಿಲ್ಲದ ಯಾರೋ ತೀರ್ಪು ಕೊಡ್ತಾರೆ ಅನ್ನೋದು ಅವರ ದೂರು. ಜಾತಿ ನಿಂದನೆ ರಿಪೋರ್ಟ್ ಮಾಡಿದ್ರೂ ಟ್ವಿಟರ್‌ಗೆ ಅದು ಅರ್ಥ ಆಗಲ್ಲ ಅನ್ನೋ ಕೋಪವೂ ದಲಿತ, ಬಹುಜನ ಬಳಕೆದಾರರಲ್ಲಿ ಇತ್ತು.

ಈಗ ಪ್ರಶ್ನೆ ತಿರುಗಿಸಿ ನೋಡಿ. ಜರ್ಮನಿಯ ಸರ್ವರ್‌ನಲ್ಲಿ ಕನ್ನಡದ ಒಂದು ಬೈಗುಳ ರಿಪೋರ್ಟ್ ಆದ್ರೆ ಯಾರು ಓದ್ತಾರೆ? ಅನುವಾದ ಯಂತ್ರಕ್ಕೆ ಹಾಕಿದ್ರೆ ಪದಕ್ಕೆ ಪದ ಬರುತ್ತೆ. ಒಂದು ಜಾತಿಯ ಹೆಸರನ್ನು ಯಾವ ದನಿಯಲ್ಲಿ ಹೇಳಿದ್ರೆ ಅದು ಅವಮಾನ ಅನ್ನೋದು ಬರಲ್ಲ. ಅದು ಗೊತ್ತಾಗೋದು ನಿಮಗೆ, ನನಗೆ.

ಒಂದು ಬದಲಾವಣೆ ಮಾತ್ರ ದಾಖಲಾಗಿದೆ. ರೋಚ್ಕೊ ಶುರು ಮಾಡಿದ ಮೊದಲ ಸರ್ವರ್‌ನ ನಿಯಮ ಪಟ್ಟಿಯಲ್ಲಿ ಇವತ್ತು ಜನಾಂಗೀಯತೆ, ಲಿಂಗ ತಾರತಮ್ಯದ ಸಾಲಿನಲ್ಲೇ ‘ಜಾತಿವಾದ’ ಅನ್ನೋ ಪದವೂ ಇದೆ. ಒಂದು ಪದ. ಆದ್ರೆ ನಿಯಮದಲ್ಲಿ ಹೆಸರೇ ಇಲ್ಲದ ತಪ್ಪನ್ನು ಯಾರೂ ತಪ್ಪು ಅಂತ ಎಣಿಸಲ್ಲ. ನಮ್ಮ ಗ್ರೂಪಿನಲ್ಲಿ ನಿಯಮವೇ ಇರಲಿಲ್ಲ, ನೆನಪಿದೆಯಲ್ಲ?

ಆ ಅಲೆಯಲ್ಲಿ ಬಂದವರಲ್ಲಿ ಹಲವರು ಕೆಲ ತಿಂಗಳಲ್ಲಿ ವಾಪಸ್ ಹೋದ್ರು. ಗೆಳೆಯರೆಲ್ಲ ಅಲ್ಲೇ ಇದ್ರು, ಅದಕ್ಕೆ. ಜಾಗ ಎಷ್ಟೇ ಚೆನ್ನಾಗಿರಲಿ, ಮಾತಾಡೋಕೆ ನಮ್ಮವರು ಇಲ್ಲದಿದ್ರೆ ಯಾರು ಇರ್ತಾರೆ?

ಭಾಗ 8/10: 2022, ಮತ್ತೊಂದು ಸೆಪ್ಟೆಂಬರ್

2022ರ ಅಕ್ಟೋಬರ್ 27ರಂದು ಎಲಾನ್ ಮಸ್ಕ್ ಟ್ವಿಟರ್ ಕೊಂಡುಕೊಂಡ್ರು. ಮುಂದಿನ ಕೆಲವೇ ವಾರಗಳಲ್ಲಿ ಮ್ಯಾಸ್ಟೊಡಾನ್‌ನ ತಿಂಗಳ ಬಳಕೆದಾರರು ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಏರಿದ್ರು. ಎಂಟು ಪಟ್ಟು!

ಈ ಹೊರೆ ಹೊತ್ತವರು ಯಾರು ಗೊತ್ತಾ? ಸಂಜೆ ಆಫೀಸ್ ಮುಗಿಸಿ ಬಂದು ಸರ್ವರ್ ನೋಡಿಕೊಳ್ತಿದ್ದ ಸಾಮಾನ್ಯ ಜನ. ‘ಹ್ಯಾಕಿಡರ್ಮ್’ ಅನ್ನೋ ಸರ್ವರನ್ನು ಕ್ರಿಸ್ ನೋವಾ ಅನ್ನೋ ಎಂಜಿನಿಯರ್ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಇಟ್ಟುಕೊಂಡಿದ್ರು. ಕೆಲವು ನೂರು ಜನರಿದ್ದ ಆ ಜಾಗಕ್ಕೆ ನವೆಂಬರ್ ಒಂದೇ ತಿಂಗಳಲ್ಲಿ ಸುಮಾರು 30,000 ಜನ ಬಂದ್ರು. ಡಿಸ್ಕ್‌ಗಳು ಕೈಕೊಡೋಕೆ ಶುರು. ಸ್ವಯಂಸೇವಕರು ನಿದ್ದೆಗೆಟ್ಟು ಎಲ್ಲವನ್ನೂ ಜರ್ಮನಿಯ ಡೇಟಾ ಸೆಂಟರ್‌ಗೆ ಸಾಗಿಸಿದ್ರು.

ಯಂತ್ರದ ಕಷ್ಟಕ್ಕಿಂತ ಮನುಷ್ಯರ ಕಷ್ಟ ದೊಡ್ಡದಾಗಿತ್ತು. ಹಳಬರು ಹೊಸಬರಿಗೆ ‘ಎಚ್ಚರಿಕೆ ಪರದೆ ಹಾಕು’ ಅಂತ ಹೇಳ್ತಾ ಹೋದ್ರು. ಕಪ್ಪು ಜನಾಂಗದ ಹೊಸ ಬಳಕೆದಾರರು ತಾವು ಅನುಭವಿಸಿದ ಜನಾಂಗೀಯ ತಾರತಮ್ಯದ ಬಗ್ಗೆ ಬರೆದಾಗಲೂ, ‘ಅದನ್ನು ಪರದೆ ಹಿಂದೆ ಇಡಿ, ನಮಗೆ ಕಸಿವಿಸಿ ಆಗುತ್ತೆ’ ಅನ್ನೋ ಮಾತು ಬಂತು. ಒಂದು ಕಾಲಕ್ಕೆ ನೊಂದವರನ್ನು ಕಾಪಾಡೋಕೆ ಬಂದಿದ್ದ ಪದ್ಧತಿ ಇನ್ನೊಬ್ಬ ನೊಂದವರ ಬಾಯಿ ಮುಚ್ಚಿಸೋ ಪದ್ಧತಿ ಆಯ್ತು. ಅವರಲ್ಲಿ ಹಲವರು ಎದ್ದು ಹೋದ್ರು.

ಪತ್ರಕರ್ತರಿಗಂತಲೇ ಶುರುವಾದ ‘ಜರ್ನಾ ಹೋಸ್ಟ್’ ಸರ್ವರನ್ನು, ಅಲ್ಲಿನ ಕೆಲವು ಪೋಸ್ಟ್‌ಗಳ ಕಾರಣಕ್ಕೆ ಹಲವು ಸರ್ವರ್‌ಗಳು ಇಡಿಯಾಗಿ ಬ್ಲಾಕ್ ಮಾಡಿದ್ವು. ಒಬ್ಬರು ಮಾಡಿದ ತಪ್ಪಿಗೆ ಇಡೀ ವಠಾರಕ್ಕೆ ಬಾಗಿಲು. ಗ್ಯಾಬ್ ವಿಷಯದಲ್ಲಿ ಸರಿ ಅನ್ನಿಸಿದ ಅದೇ ಬಹಿಷ್ಕಾರ ಇಲ್ಲಿ ನಿಮಗೆ ಸರಿ ಅನ್ನಿಸುತ್ತಾ? ನನಗೆ ಪೂರ್ತಿ ಉತ್ತರ ಸಿಕ್ಕಿಲ್ಲ. ಕಾಮೆಂಟ್‌ನಲ್ಲಿ ಹೇಳಿ.

ಭಾಗ 9/10: ಗುಡಿಸೋರು ಸುಸ್ತಾದಾಗ

2019ರಲ್ಲೇ ಮ್ಯಾಸ್ಟೊಡಾನ್ ಒಂದು ‘ಒಡಂಬಡಿಕೆ’ ತಂದಿತ್ತು. ತನ್ನ ಅಧಿಕೃತ ಪಟ್ಟಿಯಲ್ಲಿ ಹೆಸರು ಬೇಕಾದ್ರೆ ಸರ್ವರ್‌ಗಳು ನಾಲ್ಕು ಮಾತು ಕೊಡಬೇಕು: ದ್ವೇಷದ ಮಾತನ್ನು ನಿಜವಾಗಿ ತಡೀಬೇಕು, ದಿನಾ ಬ್ಯಾಕಪ್ ತಗೋಬೇಕು, ಅಡ್ಮಿನ್ ಬಿಟ್ಟು ಇನ್ನೊಬ್ಬರ ಹತ್ತಿರವೂ ಬೀಗದಕೈ ಇರಬೇಕು, ಮುಚ್ಚೋದಾದ್ರೆ ಮೂರು ತಿಂಗಳು ಮುಂಚೆ ಹೇಳಬೇಕು.

ಯಾಕೆ ಅಂತ ಈ ಕಥೆ ಹೇಳುತ್ತೆ. 2023ರ ಫೆಬ್ರವರಿಯಲ್ಲಿ ಸುಮಾರು 12,000 ಜನರಿದ್ದ ‘ಮ್ಯಾಸ್ಟೊಡಾನ್ ಲೋಲ್’ ಸರ್ವರ್‌ನ ಅಡ್ಮಿನ್ ಬಾಗಿಲು ಹಾಕ್ತೀನಿ ಅಂದ್ರು. ಜಗಳ ಶುರುವಾಗಿದ್ದು ಯಾವುದಕ್ಕೆ? ಹ್ಯಾರಿ ಪಾಟರ್‌ನ ಹೊಸ ವಿಡಿಯೋ ಗೇಮ್ ಬಗ್ಗೆ! ಬಂದ ದ್ವೇಷದ ಸಂದೇಶಗಳನ್ನು ಒಬ್ಬ ಮನುಷ್ಯನಿಗೆ ತಡ್ಕೊಳ್ಳೋಕೆ ಆಗಲಿಲ್ಲ. ಮಾತಿನಂತೆ ಮೂರು ತಿಂಗಳ ನೋಟಿಸ್ ಕೊಟ್ರು. ಜನ ತಮ್ಮ ಫಾಲೋವರ್‌ಗಳನ್ನು ಬೇರೆ ಸರ್ವರ್‌ಗೆ ಕರ್ಕೊಂಡು ಹೋಗೋಕೆ ಆಯ್ತು. ಹಳೇ ಪೋಸ್ಟ್‌ಗಳು ಮಾತ್ರ ಜೊತೆಗೆ ಬರಲಿಲ್ಲ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, ಕನ್ನಡದಿಂದಲೇ ಶುರುವಾದ ‘ಕೂ’ ಆ್ಯಪ್ 2024ರ ಜುಲೈನಲ್ಲಿ ಮುಚ್ಚಿದಾಗ ಹಾಗಾಗಲಿಲ್ಲ. ಅದು ಒಂದೇ ಕಂಪನಿಯದ್ದು. ಫಾಲೋವರ್‌ಗಳನ್ನು ಕಟ್ಟಿಕೊಂಡು ಹೋಗೋಕೆ ಪಕ್ಕದ ವಠಾರ ಇರಲಿಲ್ಲ.

2023ರ ಜುಲೈನಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಫೆಡಿವರ್ಸ್‌ನ ದೊಡ್ಡ ಸರ್ವರ್‌ಗಳನ್ನು ಎರಡು ದಿನ ಪರಿಶೀಲಿಸಿದಾಗ, ಮಕ್ಕಳ ಮೇಲಿನ ದೌರ್ಜನ್ಯದ್ದು ಅಂತ ಮೊದಲೇ ಗುರುತಾಗಿದ್ದ ಚಿತ್ರಗಳಿಗೆ ಹೊಂದುವ 112 ಚಿತ್ರಗಳು ಸಿಕ್ಕವು. ದೊಡ್ಡ ಕಂಪನಿಗಳ ಹತ್ತಿರ ಇಂಥದ್ದನ್ನು ಹಿಡಿಯೋ ಉಪಕರಣ ಇದೆ, ಸಂಬಳದ ಜನ ಇದ್ದಾರೆ. ಸಣ್ಣ ಅಡ್ಮಿನ್‌ಗಳ ಹತ್ತಿರ ಏನಿದೆ? ಕಂಪನಿ ಬೇಡ ಅಂದಾಗ ಕಂಪನಿ ಮಾಡ್ತಿದ್ದ ಕೆಲಸವೂ ನಮ್ಮ ಹೆಗಲಿಗೇ ಬರುತ್ತೆ.

2024ರ ಫೆಬ್ರವರಿ. ಇದು ನಮ್ಮ ವಯಸ್ಸಿನವರದ್ದೇ ಕಥೆ. ಜಪಾನಿನ ಹದಿಹರೆಯದ ಹುಡುಗರ ಎರಡು ಗುಂಪಿನ ಜಗಳ ಇಡೀ ಫೆಡಿವರ್ಸ್‌ಗೆ ಸ್ಪ್ಯಾಮ್ ಸುರಿಯೋ ಮಟ್ಟಕ್ಕೆ ಹೋಯ್ತು. ಅವರು ಬಳಸಿದ್ದು ಬಾಗಿಲು ತೆರೆದಿಟ್ಟು ಅಡ್ಮಿನ್ ಮರೆತುಹೋಗಿದ್ದ ಸಣ್ಣ ಸರ್ವರ್‌ಗಳನ್ನು. ಆಮೇಲೆ ಮ್ಯಾಸ್ಟೊಡಾನ್ ಒಂದು ನಿಯಮ ತಂತು: ಕೆಲವು ದಿನ ಮಾಡರೇಟರ್ ಯಾರೂ ಬಾರದಿದ್ರೆ, ಹೊಸಬರ ಸೇರ್ಪಡೆಗೆ ತಾನಾಗೇ ಒಪ್ಪಿಗೆ ಬೇಕಾಗುತ್ತೆ. ಖಾಲಿ ಮನೆಗೆ ತಾನೇ ಚಿಲಕ ಬಿದ್ದ ಹಾಗೆ.

ಇನ್ನೂ ಒಂದು ದಾರಿ ಹುಡುಕಿದವರು ಬ್ಲೂಸ್ಕೈನವರು. 2024ರ ಮಾರ್ಚ್‌ನಲ್ಲಿ ಅವರು, ಯಾರು ಬೇಕಾದ್ರೂ ಪೋಸ್ಟ್‌ಗಳಿಗೆ ಲೇಬಲ್ ಹಚ್ಚೋ ಸೇವೆ ನಡೆಸಬಹುದು, ಯಾರ ಲೇಬಲ್ ನಂಬಬೇಕು ಅಂತ ನೀವೇ ಆರಿಸಿಕೊಳ್ಳಬಹುದು ಅನ್ನೋ ವ್ಯವಸ್ಥೆ ಮಾಡಿದ್ರು. ಅದೇ ವರ್ಷ ಬ್ರೆಜಿಲ್‌ನಲ್ಲಿ ಎಕ್ಸ್ ನಿಷೇಧ ಆದಾಗ ಲಕ್ಷಾಂತರ ಜನ ಅಲ್ಲಿಗೆ ಬಂದ್ರು; ನವೆಂಬರ್‌ನಲ್ಲಿ ಬಳಕೆದಾರರು 2 ಕೋಟಿ ದಾಟಿದ್ರು. ಆದ್ರೆ ಬಹುಪಾಲು ಜನ ಇರೋದು ಆ ಒಂದೇ ಕಂಪನಿಯ ಸರ್ವರ್‌ಗಳಲ್ಲಿ.

ರೋಚ್ಕೊ? 2025ರ ನವೆಂಬರ್‌ನಲ್ಲಿ ಅವರು ಮುಖ್ಯಸ್ಥನ ಸ್ಥಾನದಿಂದ ಕೆಳಗಿಳಿದ್ರು. ಹತ್ತು ವರ್ಷದ ಹೊರೆ ಯಾರನ್ನಾದ್ರೂ ಸುಸ್ತು ಮಾಡುತ್ತೆ.

ಭಾಗ 10/10: ನಮ್ಮ ಸರದಿ

ಇಷ್ಟು ಓದಿದ್ದಕ್ಕೆ ಥ್ಯಾಂಕ್ಸ್. ಈಗ ನನಗೆ ಅರ್ಥ ಆಗಿದ್ದನ್ನು ಹೇಳ್ತೀನಿ.

ಓನರ್ ಇಲ್ಲದ ಜಾಗ ಅಂದ್ರೆ ನಿಯಮ ಇಲ್ಲದ ಜಾಗ ಅಲ್ಲ. ಯೂಸ್‌ನೆಟ್‌ನಿಂದ ಇವತ್ತಿನವರೆಗೆ ಅಂಥ ಜಾಗ ಉಳಿದಿದ್ದು ಯಾರೋ ಒಬ್ಬರು, ಸಂಬಳ ಇಲ್ಲದೆ, ರಾತ್ರಿ ಎದ್ದು ಕೂತು ಕಸ ತೆಗೆದಿದ್ದರಿಂದ. ಅಂಥವರ ಹೆಸರು ಬಹುಪಾಲು ನಮಗೆ ಗೊತ್ತೇ ಆಗಲ್ಲ. ಬೆಳವಣಿಗೆ ಅಂದ್ರೆ ಸಂಖ್ಯೆ ಅಂತ ನಾವು ಕಲಿತಿದ್ದೀವಿ. ಬಂದ ಪ್ರತಿಯೊಬ್ಬರಿಗೂ ‘ಇಲ್ಲಿ ಹೀಗೆ ಇರ್ತೀವಿ’ ಅಂತ ಹೇಳೋರು ಎಷ್ಟು ಜನ ಇದ್ದಾರೆ ಅನ್ನೋದನ್ನು ಯಾರೂ ಲೆಕ್ಕ ಹಾಕಲ್ಲ.

ನಾಳೆ ನೀವು ಯಾವುದಾದ್ರೂ ಸರ್ವರ್ ಸೇರಿದ್ರೆ, ಅಥವಾ ಬರೀ ಒಂದು ಕ್ಲಾಸ್ ಗ್ರೂಪ್ ಸೇರಿದ್ರೂ ಸರಿ, ಮೂರು ವಿಷಯ ನೋಡಿ. ನಿಯಮ ಬರೆದಿದ್ದಾರಾ? ಅಡ್ಮಿನ್ ಒಬ್ಬರೇನಾ, ಇನ್ನೂ ಇದ್ದಾರಾ? ಯಾರಾದ್ರೂ ದೂರು ಕೊಟ್ರೆ ಉತ್ತರ ಬರುತ್ತಾ? ಈ ಮೂರೂ ಇಲ್ಲದಿದ್ರೆ ‘ನಾನು ಮಾಡ್ತೀನಿ’ ಅಂತ ಕೈ ಎತ್ತಿ. ಕನ್ನಡದ ಮಾತನ್ನು ಕನ್ನಡದವರೇ ನೋಡಿಕೊಳ್ಳಬೇಕು, ಬೇರೆ ಯಾರು ಬರ್ತಾರೆ?

ನಮ್ಮ ಹಳೇ ಗ್ರೂಪನ್ನು ಕಳೆದ ತಿಂಗಳು ಮುಚ್ಚಿದ್ವಿ, ಎರಡು ವಾರ ಮುಂಚೆ ಹೇಳಿ. ಹೊಸದು ಶುರು ಮಾಡಿದ್ದೀವಿ. ಅರವತ್ತೆರಡು ಜನ. ಏಳು ಸಾಲಿನ ನಿಯಮ. ನಾಲ್ಕು ಜನ ಅಡ್ಮಿನ್, ವಾರಕ್ಕೊಬ್ಬರ ಸರದಿ. ಅವರಲ್ಲಿ ಇಬ್ಬರು ಹುಡುಗಿಯರು. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಒಬ್ಬ ಏನೋ ಹಾಕಿದ. ಎದ್ದು ಡಿಲೀಟ್ ಮಾಡಿ, ಅವನಿಗೇ ಫೋನ್ ಮಾಡಿ ಮಾತಾಡಿದೆ. ನಿದ್ದೆ ಹಾಳಾಯ್ತು. ಪರವಾಗಿಲ್ಲ.

ಆ ಹುಡುಗಿಯ ಹತ್ತಿರ ಹೋಗಿ ಕ್ಷಮೆ ಕೇಳಿದೆ. ‘ಆವತ್ತೇ ಮಾಡಬೇಕಿತ್ತು’ ಅಂದಳು, ಅಷ್ಟೇ. ಹೊಸ ಗ್ರೂಪಿಗೆ ಅವಳು ಬಂದಿಲ್ಲ. ಬಾ ಅಂತ ಒತ್ತಾಯ ಮಾಡೋ ಹಕ್ಕು ನನಗಿಲ್ಲ. ಈ ಸರಣಿ ಬರೆಯೋ ಮೊದಲು ಅವಳ ಒಪ್ಪಿಗೆ ಕೇಳಿದೆ. ಓದಿ ನೋಡಿ, ಎರಡು ಸಾಲು ತೆಗೀ ಅಂದಳು. ತೆಗೆದೆ.

ನಿಮ್ಮ ಗ್ರೂಪಿನಲ್ಲಿ ಈ ವಾರ ಯಾರ ಸರದಿ? ಕೆಳಗೆ ಬರೀರಿ.

#ಇಂಟರ್ನೆಟ್_ಇತಿಹಾಸ #ಕನ್ನಡದಲ್ಲಿ_ಓದಿ #ಫೆಡಿವರ್ಸ್ #ಅಡ್ಮಿನ್_ಕಥೆ